ಹಳೇ ಕಾರು ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಆಫ್ ಆಗುತ್ತದೆ, ಮನೆಯಲ್ಲೇ ಏನು ನೋಡಬಹುದು?

ಪ್ರಶ್ನೆ (ತೀರ್ಥಹಳ್ಳಿ): ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೇ ಕಾರು. ಆಗುಂಬೆ ಘಾಟಿ ಆರಾಮಾಗಿ ಹತ್ತುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಸಾಕು ಇಂಜಿನ್ ಆಫ್.

ಉತ್ತರ 1: ಎಳೆತ ಚೆನ್ನಾಗಿದ್ದು ಐಡ್ಲಿಂಗ್ ಮಾತ್ರ ಇಲ್ಲ ಅಂದರೆ ಮೊದಲ ಅನುಮಾನ ಐಡಲ್ ಜೆಟ್ (ಕಾರ್ಬುರೇಟರಿನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ತೂತಿನ ತಿರುಪು) ಮೇಲೆ, ಅದರ ತೂತು ತುಂಬಾ ಸಣ್ಣ, ಚೂರು ಕಸ ಸಿಕ್ಕರೂ ಮುಗೀತು. ಬಿಚ್ಚಿ ಗಾಳಿ ಹೊಡೆಯಿರಿ. ತಂತಿ ತುರುಕಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬುರೇಟರಿಗೆ ವೈರ್ ಇರುವ ಸೊಲೆನಾಯ್ಡ್ (ಐಡ್ಲಿಂಗ್ ಪೆಟ್ರೋಲನ್ನು ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇದ್ದರೆ, ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು.

ಉತ್ತರ 2 (ಸಾಗರ): ಸುಮ್ನೆ ಕಾರ್ಬುರೇಟರಿನ ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಾ ಕೂರಬೇಡಿ ಮಾರಾಯ್ರೆ. ವ್ಯಾಕ್ಯೂಮ್ ಪೈಪ್ (ಇಂಜಿನ್ನಿನ ಗಾಳಿ ಎಳೆತಕ್ಕೆ ಜೋಡಿಸಿದ ಸಣ್ಣ ರಬ್ಬರ್ ಪೈಪ್) ಬಿರುಕು ಬಿಟ್ಟಿದೆಯಾ ನೋಡಿ. ಮಳೆಯಲ್ಲೇ ತೊಂದರೆ ಜಾಸ್ತಿ ಅಂದರೆ ಕತ್ತಲಲ್ಲಿ ಬಾನೆಟ್ ಎತ್ತಿ, ಪ್ಲಗ್ ವೈರ್ ಮೇಲೆ ಕಿಡಿ ಓಡುತ್ತದಾ ನೋಡಿ, ಕೈ ಮಾತ್ರ ಇಡಬೇಡಿ.

ತೀರ್ಥಹಳ್ಳಿ: ಟಿಕ್ ಸದ್ದೇ ಇಲ್ಲ!

ಉತ್ತರ 1: ಕೀ ಆನ್ ಇಟ್ಟು ಸೊಲೆನಾಯ್ಡ್ ವೈರಿಗೆ ಟೆಸ್ಟ್ ಲ್ಯಾಂಪ್ (ಕರೆಂಟ್ ಬರುತ್ತದಾ ಎಂದು ತೋರಿಸುವ ಸಣ್ಣ ಬಲ್ಬ್) ಹಿಡಿಯಿರಿ. ಹೊತ್ತಿದರೆ ಸೊಲೆನಾಯ್ಡ್ ಹೋಗಿದೆ, ಇಲ್ಲದಿದ್ದರೆ ಫ್ಯೂಸ್ ನೋಡಿ.