ಪದಚರ್ಚೆ: ಅಕ್ವೇರಿಯಂ ಮೀನಿಗೆ ಆಗುವುದು ಹುಳುವೋ, ಜಂತುವೋ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಬಣ್ಣದ ಮೀನು ಸಾಕುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ರೋಗಗಳ ಭಾಗದಲ್ಲಿ ‘ಹುಳು’ ಎಂಬ ಪದ ಕಾಟ ಕೊಡುತ್ತಿದೆ. ಬಲ್ಲವರು ಸಹಾಯ ಮಾಡಬೇಕು.

ಮೀನಿನ ಅಂಗಡಿಯಲ್ಲಿ ‘ಹುಳ ಆಗಿದೆ, ಔಷಧಿ ಕೊಡಿ’ ಅಂದರೆ ಸಾಕು, ಯಾವುದೋ ಒಂದು ಬಾಟಲಿ ಕೈಗೆ ಬರುತ್ತದೆ. ಆದರೆ ಈ ಒಂದು ಮಾತಿನೊಳಗೆ ಕನಿಷ್ಠ ಮೂರು ಬಗೆಯ ಜೀವಿಗಳಿವೆ. ಮೂರಕ್ಕೂ ಮದ್ದು ಬೇರೆ.

ಗಪ್ಪಿ, ಮಾಲಿಯಂಥ ಮೀನುಗಳಲ್ಲಿ ಜಾಸ್ತಿ ಕಾಣುವುದು ಕ್ಯಾಮಲಾನಸ್ ಎಂಬ ದುಂಡು ಹುಳು. ಕರುಳಿನ ಒಳಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೀನು ಅಲ್ಲಾಡದೆ ನಿಂತಾಗ ಮಲದ್ವಾರದಲ್ಲಿ ಕೆಂಪು ದಾರದಂತೆ ತುದಿ ಕಾಣುತ್ತದೆ, ಮೀನು ಈಜಿದರೆ ಒಳಗೆ ಸರಿಯುತ್ತದೆ. ಇದಕ್ಕೆ ಲೆವಮಿಸೋಲ್. ಸಾಮಾನ್ಯವಾಗಿ ಲೀಟರ್ ನೀರಿಗೆ 2 ಮಿಲಿಗ್ರಾಂ ಹಾಕಿ, ಒಂದು ದಿನ ಬಿಟ್ಟು ನೀರು ಬದಲಿಸುತ್ತಾರೆ. ಬೆಳಕಿಗೆ ಈ ಔಷಧಿ ಕೆಡುವುದರಿಂದ ದೀಪ ಆರಿಸಿರಬೇಕು, ಫಿಲ್ಟರಿನ ಇದ್ದಿಲನ್ನೂ ತೆಗೆದಿರಬೇಕು. ಎರಡು ಮೂರು ವಾರದ ನಂತರ ಇನ್ನೊಮ್ಮೆ ಹಾಕಬೇಕು.

ಎರಡನೆಯದು ಫ್ಲೂಕ್. ಚಪ್ಪಟೆ ಜಾತಿ, ಬರಿಗಣ್ಣಿಗೆ ಸಿಗುವುದು ಕಷ್ಟ. ಇದರಲ್ಲಿ ಡಾಕ್ಟಿಲೋಗೈರಸ್ ಎಂಬ ಬಗೆ ಹೆಚ್ಚಾಗಿ ಕಿವಿರಿನಲ್ಲಿರುತ್ತದೆ, ಮೊಟ್ಟೆ ಇಡುತ್ತದೆ. ಗೈರೋಡಾಕ್ಟಿಲಸ್ ಎಂಬ ಬಗೆ ಹೆಚ್ಚಾಗಿ ಚರ್ಮದ ಮೇಲೆ, ನೇರವಾಗಿ ಮರಿ ಹಾಕುತ್ತದೆ. ಮೀನು ಕಲ್ಲಿಗೆ, ಮರಳಿಗೆ ಮೈ ಉಜ್ಜಿಕೊಳ್ಳುತ್ತಿರುತ್ತದೆ. ಇದಕ್ಕೆ ಪ್ರಾಜಿಕ್ವಾಂಟೆಲ್. ಈ ಔಷಧಿಗೆ ಕ್ಯಾಮಲಾನಸ್ ಜಗ್ಗುವುದೇ ಇಲ್ಲ.

ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಆಂಕರ್ ವರ್ಮ್ ಎಂದು ಹೆಸರು, ಶಾಸ್ತ್ರದ ಹೆಸರು ಲರ್ನಿಯಾ. ಇದು ಸೀಗಡಿ, ಏಡಿಗಳ ಬಳಗದ್ದು. ಹೆಣ್ಣು ತಲೆಯನ್ನು ಮೀನಿನ ಮಾಂಸದೊಳಗೆ ಲಂಗರಿನ ಹಾಗೆ ಹೂತು, ಮೈಯನ್ನು ಹೊರಗೆ ಜೋತುಬಿಡುತ್ತದೆ. ಇದರ ಮರಿಗಳ ಕಾಟ ನಿಲ್ಲಬೇಕಾದರೆ ಅವುಗಳ ಮೈಗೆ ಹೊಸ ಪೊರೆ ಕಟ್ಟದಂತೆ ತಡೆಯುವ ಡೈಫ್ಲುಬೆಂಜುರಾನ್‌ನಂಥದ್ದು ಬೇಕು. ಮೇಲಿನ ಎರಡು ಔಷಧಿ ಹಾಕಿ ಕಾಯುವುದು ಸುಮ್ನೆ ಕಾಲಹರಣ.

ಈಗ ಪದಕ್ಕೆ ಬರುತ್ತೇನೆ. ನಮ್ಮ ‘ಹುಳು’ ತುಂಬಾ ಉದಾರಿ. ಹಳಗನ್ನಡದ ಪುೞು ಕಾಲದಿಂದ ಬಂದ ಪದ, ತಮಿಳಿನಲ್ಲೂ ಇದೆ. ಎರೆಹುಳು, ರೇಷ್ಮೆಹುಳು, ಜೇನುಹುಳು, ಮಿಂಚುಹುಳು ಎಲ್ಲವೂ ಇದರ ಮನೆಯವೇ. ಬಸವನಹುಳುವೂ! ಪೇಚಾಟ ಇರುವುದು ಅಲ್ಲೇ. ಕರುಳಿನ ಹುಳುವಿಗೆ ಬಳಸುವ ಫೆನ್‌ಬೆಂಡಜೋಲ್ ಕೆಲವು ಜಾತಿಯ ಬಸವನಹುಳುಗಳನ್ನೂ ಕೊಲ್ಲುತ್ತದೆ. ಹಾಗಾಗಿ ‘ಹುಳುವಿನ ಔಷಧಿ ಹಾಕುವ ಮೊದಲು ಹುಳುಗಳನ್ನು ಬೇರೆ ತೊಟ್ಟಿಗೆ ತೆಗೆದಿಡಿ’ ಎಂದು ಬರೆಯಬೇಕಾಗುತ್ತದೆ. ಓದಿದವರು ನಗದೇ ಇರುತ್ತಾರಾ?

‘ಜಂತು’ ಉಲ್ಟಾ. ಸಂಸ್ಕೃತದಲ್ಲಿ ಯಾವ ಜೀವಿಯಾದರೂ ಜಂತುವೇ, ‘ಜೀವಜಂತು’ವಿನಲ್ಲಿ ಆ ಅರ್ಥ ಉಳಿದಿದೆ. ಆದರೆ ‘ಮಗುವಿಗೆ ಜಂತಿನ ಮಾತ್ರೆ ಕೊಟ್ರಾ’ ಅಂದರೆ ಯಾರೂ ಬೇರೆ ಅರ್ಥ ಮಾಡಿಕೊಳ್ಳುವುದಿಲ್ಲ. 2015ರಲ್ಲಿ ಶುರುವಾದ ಜಂತುಹುಳು ನಿವಾರಣಾ ದಿನದಿಂದ ಶಾಲೆ, ಅಂಗನವಾಡಿಗಳಲ್ಲೂ ಈ ಪದ ಓಡಾಡುತ್ತಿದೆ. ಅಲ್ಲಿ ಕೊಡುವ ಅಲ್ಬೆಂಡಜೋಲ್ ಮತ್ತು ಮೀನಿನ ಫೆನ್‌ಬೆಂಡಜೋಲ್ ಒಂದೇ ಕುಟುಂಬದವು. ಹಾಗಾಗಿ ಮೊದಲ ಎರಡಕ್ಕೆ ‘ದುಂಡುಜಂತು’, ‘ಚಪ್ಪಟೆಜಂತು’ ಎನ್ನಬೇಕೆಂದಿದ್ದೇನೆ. ಲರ್ನಿಯಾಕ್ಕೆ ‘ಲಂಗರುಹುಳು’. ರೇಷ್ಮೆಹುಳುವೇ ಹುಳು ಆಗಿರುವಾಗ ಇದೂ ಆಗಲಿ, ಜಂತು ಮಾತ್ರ ಬೇಡ. ‘ಪರೋಪಜೀವಿ’ ಪಾಠಪುಸ್ತಕಕ್ಕೆ ಸರಿ, ಔಷಧಿ ಬಾಟಲಿಯ ಮೇಲೆ ಭಾರ ಅನ್ನಿಸುತ್ತದೆ.

ಇನ್ನು ಕ್ರಿಯಾಪದ. ಕುರಿಗೆ ಜಂತಿನ ಔಷಧಿ ‘ಕುಡಿಸು’ತ್ತೇವೆ. ಮೀನಿಗೆ ಕುಡಿಸುವುದು ಹೇಗೆ? ಅದು ಔಷಧಿಯಲ್ಲೇ ಈಜುತ್ತಿರುತ್ತದೆ, ಇಲ್ಲವೇ ತಿನಿಸಿನ ಜೊತೆ ನುಂಗುತ್ತದೆ. ‘ಔಷಧಿನೀರಿನಲ್ಲಿ ಬಿಡು’ ಅಂದರೆ ಸಾಕೇ?

‘ಜಂತುನಾಶಕ’ದ ಬಗ್ಗೆಯೂ ನನಗೆ ತಕರಾರಿದೆ. ಲೆವಮಿಸೋಲ್ ಜಂತುವನ್ನು ಅಲ್ಲೇ ಕೊಂದುಹಾಕುವುದಿಲ್ಲ. ಅದರ ಮೈಯನ್ನು ಮರಗಟ್ಟಿಸುತ್ತದೆ. ಹಿಡಿತ ಸಡಿಲವಾಗಿ ಅದು ಮಲದ ಜೊತೆ ತೊಟ್ಟಿಯ ತಳಕ್ಕೆ ಬೀಳುತ್ತದೆ. ಬಿದ್ದದ್ದನ್ನು ಪೈಪಿನಿಂದ ಎಳೆದು ತೆಗೆಯದಿದ್ದರೆ ಮೀನು ಮತ್ತೆ ತಿನ್ನಬಹುದು. ‘ನಾಶಕ’ ಎಂದು ಓದಿದವರು ಕೆಲಸ ಮುಗಿಯಿತೆಂದು ತಳ ಶುಚಿ ಮಾಡದೇ ಬಿಡುತ್ತಾರೆ. ನಮ್ಮ ಅಜ್ಜಿಯಂದಿರ ‘ಹುಳ ಬೀಳೋ ಔಷಧಿ’ ಇದಕ್ಕಿಂತ ಸರಿಯಾಗಿದೆ ಅಲ್ವಾ? ಹಾಗಾದರೆ ‘ಜಂತು ಬೀಳಿಸುವ ಔಷಧಿ’ ಎಂದು ಅಚ್ಚು ಹಾಕಬಹುದೇ, ಅಥವಾ ತೀರಾ ಆಡುಮಾತಾಯಿತೇ?

ಕುರಿ, ದನ ಸಾಕುವ ಕಡೆಯವರು, ಕೆರೆಯಲ್ಲಿ ಕಾಟ್ಲಾ, ರೋಹು ಬೆಳೆಸುವವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಮೀನಿನ ಮೈಗೆ ಅಂಟುವ ಇಂಥವಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಕುರಿಯ ಪಿತ್ತಕೋಶದ ಚಪ್ಪಟೆ ಹುಳುವಿಗೆ ಬೇರೆ ಹೆಸರಿದ್ದರೆ ಫ್ಲೂಕ್‌ಗೂ ಅದನ್ನೇ ಎತ್ತಿಕೊಳ್ಳುವ ಆಸೆ.