ಗಿಡ ‘ತಿನ್ನುತ್ತದೆ’ ಅನ್ನಬಹುದೇ?

ಇಲ್ಲದ ಗಿಡವೊಂದನ್ನು ಕಲ್ಪಿಸಿಕೊಂಡು, ಅದು ನಿಜಕ್ಕೂ ಇರುವ ಹಾಗೆ ಅದರ ಜೀವನಚರಿತ್ರೆ ಬರೆಯುತ್ತಿದ್ದೇನೆ. ಜೌಗಿನಲ್ಲಿ ಬೆಳೆಯುತ್ತದೆ, ಕಪ್ಪೆ, ಇಲಿಮರಿ ಹಿಡಿಯುತ್ತದೆ. ಹೆಸರು ಸಿಕ್ಕಿತು. ಅದು ಮಾಡುವ ಕೆಲಸಕ್ಕೆ ಸರಿಯಾದ ಮಾತು ಸಿಗುತ್ತಿಲ್ಲ.

‘ಕೀಟಾಹಾರಿ’ ಪಾಠಪುಸ್ತಕದ ಪದ. ಇಂಥ ಗಿಡಗಳ ಬಗ್ಗೆ ಡಾರ್ವಿನ್ 1875ರಲ್ಲಿ ತಂದ ಪುಸ್ತಕದ ಹೆಸರಲ್ಲೂ ಕೀಟವೇ ಇದೆ. ಆದರೆ ನನ್ನ ಗಿಡಕ್ಕೆ ಕಪ್ಪೆ ಬೇಕಲ್ಲ! ‘ಮಾಂಸಾಹಾರಿ’ ಅಂದರೆ ಊಟಕ್ಕೆ ಕೂತ ಮನುಷ್ಯರು ಕಣ್ಮುಂದೆ ಬರುತ್ತಾರೆ. ‘ನರಭಕ್ಷಕ’ ಅಂತೂ ಬೇಡವೇ ಬೇಡ. 1874ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಮಡಗಾಸ್ಕರಿನಲ್ಲಿ ಮನುಷ್ಯರನ್ನು ತಿನ್ನುವ ಮರ ಇದೆ ಅಂತ ಅಚ್ಚುಹಾಕಿತ್ತು. ಶುದ್ಧ ಕಟ್ಟುಕತೆ. ಆ ಸಾಲಿಗೆ ನನ್ನ ಗಿಡ ಸೇರುವುದು ಬೇಡ.

ನನಗೆ ಜಾಸ್ತಿ ತೊಡಕಾಗಿರುವುದು ‘ತಿನ್ನು’ ಅನ್ನುವ ಕ್ರಿಯಾಪದ. ಹುಳ ಹಿಡಿಯುವ ನಿಜವಾದ ಗಿಡಗಳನ್ನೇ ನೋಡಿ. ಅವುಗಳಿಗೆ ಶಕ್ತಿ ಬರುವುದು ಬಿಸಿಲಿನಿಂದ, ಉಳಿದ ಗಿಡಗಳ ಹಾಗೇ. ಸತ್ವವಿಲ್ಲದ ಮಣ್ಣಲ್ಲಿ ಸಿಗದ ಸಾರಜನಕ, ರಂಜಕಕ್ಕಾಗಿ ಹುಳ ಹಿಡಿಯುತ್ತವೆ. ಅಂದರೆ ಬೇಟೆ ಅವಕ್ಕೆ ಊಟಕ್ಕಿಂತ ಗೊಬ್ಬರ ಇದ್ದ ಹಾಗೆ. ವೀನಸ್ ಫ್ಲೈಟ್ರ್ಯಾಪ್ ಅನ್ನುವ ಗಿಡದ ಎಲೆಯೊಳಗಿನ ಕೂದಲಿಗೆ ಹುಳ ಒಮ್ಮೆ ತಾಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸುಮಾರು 20 ಸೆಕೆಂಡಿನೊಳಗೆ ಇನ್ನೊಮ್ಮೆ ತಾಗಿದರೆ ಎಲೆ ಫಟ್ಟನೆ ಮುಚ್ಚುತ್ತದೆ. ಒಳಗೆ ಹುಳ ಒದ್ದಾಡಿದಷ್ಟೂ ರಸ ಒಸರುತ್ತದೆ. ಹಲವು ದಿನ ಕಳೆದು ಎಲೆ ತೆರೆದಾಗ ಹುಳದ ಒಣ ಚಿಪ್ಪು ಉಳಿದಿರುತ್ತದೆ. ಇದರಲ್ಲಿ ಅಗಿಯುವುದು, ನುಂಗುವುದು ಎಲ್ಲಿದೆ? ‘ಅರಗಿಸು’ ಪರವಾಗಿಲ್ಲ, ಆದರೆ ಅದಕ್ಕೂ ಹೊಟ್ಟೆಯ ನೆಂಟು. ಸದ್ಯಕ್ಕೆ ‘ಕರಗಿಸಿ ಹೀರುತ್ತದೆ’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೂ ಸುಳ್ಳಲ್ಲ.

ಇನ್ನೊಂದು. ಇವು ಹಿಡಿಯುವ ಬಗೆಗೆಲ್ಲ ನಾವು ಸುಮ್ನೆ ‘ಬಲೆ’ ಅಂದುಬಿಡುತ್ತೇವೆ, ಅಲ್ವಾ? ಹೂಜಿಗಿಡದ ಹೂಜಿಯಂಥ ಎಲೆಯ ಅಂಚು ಒದ್ದೆಯಾದಾಗ ಹುಳ ಜಾರಿ ಒಳಗೆ ಬೀಳುತ್ತದೆ, ಅದು ಗುಂಡಿ. ಡ್ರಾಸೆರಾ ಅನ್ನುವ ಗಿಡದ್ದು ಅಂಟು. ಫ್ಲೈಟ್ರ್ಯಾಪಿನದು ಬೋನು ಅನ್ನಬಹುದು. ಬೇಟೆಗಾರರ ಬಾಯಲ್ಲಿ ಇಷ್ಟೊಂದು ಪದ ಇರುವಾಗ ಒಂದಕ್ಕೇ ಯಾಕೆ ಜೋತುಬೀಳಬೇಕು?

ನನ್ನ ಗಿಡದ ಎಲೆ ಕಪ್ಪೆಯನ್ನು ಸುತ್ತಿಕೊಂಡು ನಿಧಾನವಾಗಿ ಬಿಗಿಯುತ್ತದೆ. ‘ಉರುಲು’ ಅನ್ನಲೇ? ಉರುಲು ಹಗ್ಗದ್ದೇ ಆಗಿರಬೇಕೇ, ಎಲೆಗೂ ಸಲ್ಲುತ್ತದೆಯೇ? ಓದುವವರಿಗೆ ನೇಣು ನೆನಪಾದೀತು ಅನ್ನುವ ಅಳುಕೂ ಇದೆ. ನಿಮ್ಮ ಕಡೆ ಬಳಕೆಯಲ್ಲಿ ಬೇರೆ ಪದ ಇದ್ದರೆ, ಅದನ್ನು ಯಾವುದಕ್ಕೆ ಬಳಸುತ್ತೀರಿ ಅನ್ನುವುದರ ಜೊತೆ ತಿಳಿಸಿ.