ರಕ್ತನಾಳದ ಮೂಲಕ ಪೋಷಣೆ ಪಡೆಯುತ್ತಿರುವ ಕೂಸಿಗೆ ಕಾಮಾಲೆ: ಕೊಬ್ಬಿನ ದ್ರಾವಣವೇ ಕಾರಣವೇ?

ಪ್ರಶ್ನೆ (ಸೋಮವಾರಪೇಟೆಯ ಓದುಗ)

ನನ್ನ ತಂಗಿಯ ಮಗು 32ನೇ ವಾರಕ್ಕೇ ಹುಟ್ಟಿತು. ಹುಟ್ಟಿದ ಹತ್ತನೇ ದಿನ ಕರುಳು ಕೊಳೆತಿದೆ ಎಂದು ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಸಣ್ಣ ಕರುಳಿನ ಒಂದು ಭಾಗವನ್ನು ತೆಗೆದರು. ಅಂದಿನಿಂದ 6 ವಾರಗಳಾದವು, ಕೂಸಿಗೆ ಟಿಪಿಎನ್, ಅಂದರೆ ಪೂರ್ತಿ ಆಹಾರವನ್ನು ರಕ್ತನಾಳದ ಮೂಲಕವೇ ಕೊಡುವ ವಿಧಾನ, ಒಂದೇ ಆಧಾರ. ಚೀಲದಲ್ಲಿ ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳ ತಿಳಿ ದ್ರವವಿದ್ದರೆ, ಪಕ್ಕದ ಸಿರಿಂಜ್ ಪಂಪಿನಲ್ಲಿ ಹಾಲಿನಷ್ಟೇ ಬೆಳ್ಳಗಿರುವ ಕೊಬ್ಬಿನ ದ್ರಾವಣವಿರುತ್ತದೆ. ಈಗ ಕೂಸಿನ ಕಣ್ಣು ಹಳದಿಯಾಗಿದೆ, ಡೈರೆಕ್ಟ್ ಬಿಲಿರುಬಿನ್ (ಪಿತ್ತರಸ ಸರಿಯಾಗಿ ಹರಿಯದಿದ್ದಾಗ ರಕ್ತದಲ್ಲಿ ಹೆಚ್ಚುವ ಹಳದಿ ವಸ್ತು) 3.8ಕ್ಕೆ ಏರಿದೆ. ಸೋಯಾ ಎಣ್ಣೆಯ ದ್ರಾವಣವನ್ನು ಕಡಿಮೆ ಮಾಡಿ, ಮೀನೆಣ್ಣೆ ಇರುವ ದ್ರಾವಣಕ್ಕೆ ಬದಲಾಯಿಸುತ್ತೇವೆ ಎಂದು ವೈದ್ಯರು ಹೇಳಿದ್ದಾರೆ. ಒಂದು ಹನಿ ಎಣ್ಣೆಯನ್ನೂ ನುಂಗದ ಕೂಸಿನ ಯಕೃತ್ತು ಕೊಬ್ಬಿನಿಂದ ಕೆಡುವುದು ಹೇಗೆ? ನಮ್ಮಮ್ಮ ಊರಿನಿಂದ ನೆಲನೆಲ್ಲಿಯನ್ನು ತಂದು ಇಟ್ಟುಕೊಂಡಿದ್ದಾರೆ. ಮನೆಯ ಕೊಬ್ಬರಿ ಎಣ್ಣೆಯನ್ನು ಎರಡು ಹನಿ ನೆಕ್ಕಿಸಬಹುದೇ ಎಂದೂ ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ನವಜಾತ ಶಿಶು ಘಟಕದ ನರ್ಸ್, ಮೂಲ ವಿರಾಜಪೇಟೆ)

ಕೊಬ್ಬೇ ವಿಷವೆಂದು ಭಾವಿಸಿ ಅದನ್ನು ಪೂರ್ತಿ ನಿಲ್ಲಿಸಿರೆಂದು ಬೇಡುವ ಮನೆಯವರನ್ನು ನಾನು ವಾರ್ಡಿನಲ್ಲಿ ಹಲವು ಸಲ ಕಂಡಿದ್ದೇನೆ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ ಶಕ್ತಿಯಿದೆ. ಮಿದುಳು ಬೆಳೆಯಲು ಬೇಕಾದ, ದೇಹವು ತಾನಾಗಿ ತಯಾರಿಸಿಕೊಳ್ಳಲಾರದ ಕೊಬ್ಬಿನಾಮ್ಲಗಳು ಅದರಿಂದಲೇ ಸಿಗಬೇಕು. ಕೊಬ್ಬನ್ನು ತೆಗೆದು ಆ ಕೊರತೆಯನ್ನು ಗ್ಲೂಕೋಸಿನಿಂದ ತುಂಬಿಸಹೊರಟರೆ, ಹೆಚ್ಚಾದ ಗ್ಲೂಕೋಸನ್ನು ಯಕೃತ್ತೇ ಕೊಬ್ಬಾಗಿಸಿ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ.

ತೊಂದರೆ ಇರುವುದು ಕೊಬ್ಬಿನ ಜಾತಿಯಲ್ಲಿ ಮತ್ತು ಪ್ರಮಾಣದಲ್ಲಿ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಅವರು ಸೋಯಾ ಎಣ್ಣೆಯನ್ನು ಮೊಟ್ಟೆಯ ಫಾಸ್ಫೋಲಿಪಿಡ್‌ನೊಡನೆ ಬೆರೆಸಿ, ರಕ್ತಕ್ಕೆ ಸುರಕ್ಷಿತವಾಗಿ ಕೊಡಬಹುದಾದ ದ್ರಾವಣವನ್ನು ರೂಪಿಸಿದರು. ಅದರಿಂದ ಬದುಕಿದ ಮಕ್ಕಳು ಲೆಕ್ಕವಿಲ್ಲದಷ್ಟು. ಆದರೆ ಸೋಯಾದಲ್ಲಿ ಫೈಟೋಸ್ಟೆರಾಲ್ ಎಂಬ ಸಸ್ಯಮೂಲದ ವಸ್ತುವಿದೆ. ನಾವು ಊಟದಲ್ಲಿ ತಿಂದರೆ ಕರುಳು ಅದರ ಬಹುಪಾಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಕ್ತನಾಳದ ದಾರಿಯಲ್ಲಿ ಅಂಥ ಕಾವಲಿಲ್ಲ. ಹಾಗಾಗಿ ಅದು ನೇರವಾಗಿ ಯಕೃತ್ತಿಗೆ ತಲುಪಿ, ಪಿತ್ತರಸವನ್ನು ಹೊರಹಾಕುವ ಕೆಲಸಕ್ಕೆ ಅಡ್ಡಿಯಾಗುತ್ತದೆ. ಜೊತೆಗೆ ಸೋಯಾದಲ್ಲಿ ಉರಿಯೂತಕ್ಕೆ ಇಂಬು ಕೊಡುವ ಒಮೇಗಾ 6 ಎಂಬ ಕೊಬ್ಬಿನಾಮ್ಲಗಳು ಹೆಚ್ಚು. ಮೀನೆಣ್ಣೆಯಲ್ಲಿ ಒಮೇಗಾ 3 ಹೆಚ್ಚು, ವಿಟಮಿನ್ ಇ ಸಹ ಇದೆ, ಫೈಟೋಸ್ಟೆರಾಲ್ ಇಲ್ಲವೆನ್ನುವಷ್ಟು ಕಡಿಮೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ತಂಡವು 2006ರಲ್ಲಿ ಎರಡು ಶಿಶುಗಳ ಕಾಮಾಲೆ ಇದರಿಂದ ಇಳಿದುದನ್ನು ವರದಿ ಮಾಡಿತು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂಥ ಮಕ್ಕಳಿಗೆ, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1 ಗ್ರಾಂನಂತೆ, ಮೀನೆಣ್ಣೆಯ ದ್ರಾವಣಕ್ಕೆ ಅನುಮತಿ ಕೊಟ್ಟಿತು. ಸೋಯಾ, ಎಂಸಿಟಿ (ಸುಲಭವಾಗಿ ಜೀರ್ಣವಾಗುವ, ಮಧ್ಯಮ ಉದ್ದದ ಸರಪಳಿಯ ಕೊಬ್ಬು), ಆಲಿವ್ ಮತ್ತು ಮೀನೆಣ್ಣೆ ನಾಲ್ಕೂ ಸೇರಿದ ದ್ರಾವಣವೂ ಇದೆ. ಅದರಲ್ಲಿ ಮೀನೆಣ್ಣೆಯ ಪಾಲು ಶೇ 15 ಮಾತ್ರ. ನಿಮ್ಮ ವೈದ್ಯರು ಯಾವುದನ್ನು ಕೊಡುತ್ತಿದ್ದಾರೆಂದು ಕೇಳಿ ತಿಳಿದುಕೊಳ್ಳಿ.

ಉತ್ತರ 2 (ಗೋಣಿಕೊಪ್ಪಲಿನ ತಾಯಿ)

ನನ್ನ ಮಗ ಇದೇ ದಾರಿಯಲ್ಲಿ ಬಂದವನು. ಬಾಟಲಿ ಬದಲಾಯಿಸಿದ ಮರುದಿನವೇ ಹಳದಿ ಹೋಗುತ್ತದೆಂದು ಕಾಯಬೇಡಿ. ನಮಗೆ ಎರಡು ತಿಂಗಳಿಗೂ ಮಿಕ್ಕಿ ಹಿಡಿಯಿತು. ನಾನು ದಿನವೂ ನೋಡುತ್ತಿದ್ದುದು ಮಲದ ಬಣ್ಣವನ್ನು. ಸುಣ್ಣದಂತೆ ಬಿಳಿಚಿದ್ದರೆ ಅದೇ ಗಳಿಗೆಯಲ್ಲಿ ವೈದ್ಯರಿಗೆ ತೋರಿಸಿ, ಏಕೆಂದರೆ ಪಿತ್ತನಾಳವೇ ಮುಚ್ಚಿರುವ ಬೇರೆ ಕಾಯಿಲೆ ಇಲ್ಲವೆಂಬುದನ್ನು ಅವರು ಖಚಿತಪಡಿಸಿಕೊಳ್ಳಬೇಕು. ಕೂಸಿನ ರಕ್ತನಾಳಕ್ಕೆ ಹಾಕಿರುವ ಆ ಸಣ್ಣ ಕೊಳವೆಯನ್ನು ಮುಟ್ಟುವವರೆಲ್ಲರೂ ಕೈ ತೊಳೆದಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನಮ್ಮ ಮಗನಿಗೆ ಆ ಕೊಳವೆಯಿಂದ ಒಮ್ಮೆ ಸೋಂಕು ತಗುಲಿದಾಗ, ಇಳಿಯುತ್ತಿದ್ದ ಬಿಲಿರುಬಿನ್ ಒಂದೇ ವಾರದಲ್ಲಿ ಮತ್ತೆ ಏರಿತ್ತು.

ಉತ್ತರ 3 (ಮಕ್ಕಳ ವೈದ್ಯ, ಮಡಿಕೇರಿ)

ಮೇಲಿನ ಇಬ್ಬರ ಮಾತೂ ಸರಿ. ಆದರೆ ನನ್ನ ದೃಷ್ಟಿಯಲ್ಲಿ ಬಾಟಲಿಯ ಎಣ್ಣೆಯಷ್ಟೇ ಮುಖ್ಯವಾದದ್ದು ಬರಿದಾಗಿರುವ ಕರುಳು. ಹಾಲು ಕರುಳಿಗೆ ಇಳಿದಾಗ ಅಲ್ಲಿ ಹುಟ್ಟುವ ಹಾರ್ಮೋನು ಪಿತ್ತಕೋಶವನ್ನು ಹಿಂಡುತ್ತದೆ, ಪಿತ್ತರಸ ಹರಿಯುತ್ತದೆ. ವಾರಗಟ್ಟಲೆ ಏನೂ ಇಳಿಯದಿದ್ದರೆ ಪಿತ್ತರಸ ನಿಂತು ಗಟ್ಟಿಯಾಗುತ್ತದೆ. ಆದ್ದರಿಂದ ಶಸ್ತ್ರವೈದ್ಯರು ಒಪ್ಪಿದ ದಿನವೇ, ಮೂಗಿನ ನಳಿಕೆಯಲ್ಲಿ 1 ಮಿಲಿಲೀಟರಿನಷ್ಟಾದರೂ ತಾಯಿಯ ಹಾಲು ಇಳಿಯಲಿ.

ಸೋಯಾ ಕಡಿಮೆ ಮಾಡಿದಾಗ ಕ್ಯಾಲರಿಯೂ ಕಡಿಮೆಯಾಗುತ್ತದೆ. ತೂಕ ಮತ್ತು ತಲೆಯ ಸುತ್ತಳತೆಯನ್ನು ತಪ್ಪದೆ ಗಮನಿಸಬೇಕು. ತಾಮ್ರ, ಮ್ಯಾಂಗನೀಸ್ ಪಿತ್ತರಸದ ಮೂಲಕವೇ ಹೊರಹೋಗುವುದರಿಂದ, ದ್ರವದಲ್ಲಿ ಅವುಗಳ ಪ್ರಮಾಣವನ್ನೂ ವೈದ್ಯರು ಪರಿಶೀಲಿಸುತ್ತಾರೆ.

ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಪಿತ್ತರಸ ಕಡಿಮೆಯಿದ್ದರೂ ಜೀರ್ಣವಾಗುವ ಎಂಸಿಟಿ ಎಣ್ಣೆಯನ್ನು ಕೊಬ್ಬರಿಯಿಂದ ತೆಗೆಯುತ್ತಾರೆಂಬುದು ನಿಜ. ಆದರೆ ಮನೆಯ ಕೊಬ್ಬರಿ ಎಣ್ಣೆ ಅದಲ್ಲ. ಅದರ ಸುಮಾರು ಅರ್ಧಭಾಗ ಲಾರಿಕ್ ಆಮ್ಲ, ಅದು ಬಹುಮಟ್ಟಿಗೆ ಸಾಮಾನ್ಯ ಕೊಬ್ಬಿನಂತೆಯೇ ಜೀರ್ಣವಾಗಬೇಕು. ಹೊಲಿಗೆ ಹಾಕಿದ ಕರುಳಿಗೆ ಅದನ್ನು ನೆಕ್ಕಿಸುವುದು ಬೇಡ. ನೆಲನೆಲ್ಲಿಯೂ ಬೇಡ. ನಮ್ಮ ಕಡೆ ದೊಡ್ಡವರ ಕಾಮಾಲೆಗೆ ಅದನ್ನು ಕೊಡುವ ರೂಢಿ ಹಳೆಯದು, ಅಜ್ಜಿಯ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಈ ಕಾಮಾಲೆಯ ಕಾರಣವೇ ಬೇರೆ, ಕೂಸಿನ ಕರುಳು ಇನ್ನೂ ಹಸಿಗಾಯ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಋಣಿ. ಇದನ್ನು ಅಮ್ಮನಿಗೆ ಓದಿ ಹೇಳಿದೆ. ನೆಲನೆಲ್ಲಿಯ ಕಟ್ಟನ್ನು ಅವರೇ ಚೀಲದೊಳಗೆ ಮರಳಿ ಇಟ್ಟರು. ತಂಗಿ ಈ 6 ವಾರವೂ ಮೂರು ಗಂಟೆಗೊಮ್ಮೆ ಹಾಲು ಹಿಂಡಿ, ಬಾಟಲಿಯ ಮೇಲೆ ದಿನಾಂಕ ಮತ್ತು ವೇಳೆ ಬರೆದು ಫ್ರೀಜರಿಗೆ ಕೊಡುತ್ತಿದ್ದಳು, ಅದು ಯಾರಿಗಾಗಿ ಎಂದು ಅಳುತ್ತಲೂ ಇದ್ದಳು. ನಾಳೆ ಬೆಳಗಿನಿಂದ ನಾಲ್ಕು ಗಂಟೆಗೊಮ್ಮೆ 1 ಮಿಲಿಲೀಟರ್ ಕೊಟ್ಟು ನೋಡುವುದಾಗಿ ಶಸ್ತ್ರವೈದ್ಯರು ಹೇಳಿದ್ದಾರೆ.